ಪಿಎಸ್‌ಎ ಟೆಸ್ಟ್ ಊರಲ್ಲೇ ಮಾಡಿಸೋದಾ, ಬೆಂಗಳೂರಿಗೆ ಹೋಗೋದಾ? ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಹೋಲಿಕೆ

ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮುಗಿಸಿಕೊಂಡು ಬಂದವರಿರಲಿ, ಇನ್ನೂ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಿರಲಿ, ಎಲ್ಲರ ಕೈಯಲ್ಲೂ ಒಂದು ಚೀಟಿ ಇರುತ್ತದೆ. ಮೂರು ತಿಂಗಳ ನಂತರ ಪಿಎಸ್‌ಎ ಮಾಡಿಸಿಕೊಂಡು ಬನ್ನಿ, ಅಷ್ಟೇ. ಎಲ್ಲಿ ಮಾಡಿಸಬೇಕು, ಯಾವ ಪಿಎಸ್‌ಎ, ಎಷ್ಟು ದಿನ ಮುಂಚೆ, ಅದೇನೂ ಬರೆದಿರುವುದಿಲ್ಲ. ಆಮೇಲೆ ಮನೆಯಲ್ಲಿ ಚರ್ಚೆ ಶುರು. ಮಗ ಬೆಂಗಳೂರಲ್ಲೇ ಮಾಡಿಸೋಣ ಅಂತಾನೆ. ಅಪ್ಪ, ಒಂದು ಸಿರಿಂಜ್ ರಕ್ತ ಕೊಡೋಕೆ ಅಷ್ಟು ದೂರ ಯಾಕೆ ಅಂತಾರೆ. ಪಕ್ಕದ ಮನೆಯವರು ಇನ್ನೊಂದು ಲ್ಯಾಬಿನಲ್ಲಿ ಆಫರ್ ನಡೀತಿದೆ ಅಂತಾರೆ.

ನಾನು ಹಾಸನದಲ್ಲಿ ಲ್ಯಾಬ್ ಕೆಲಸದಲ್ಲಿರುವವನು. ಈ ಪ್ರಶ್ನೆ ಕೌಂಟರಿನಲ್ಲೂ ಎದುರಾಗುತ್ತದೆ, ನೆಂಟರ ಮನೆ ಮದುವೆಯ ಊಟದ ಸಾಲಿನಲ್ಲೂ ಎದುರಾಗುತ್ತದೆ. ಲ್ಯಾಬಿನವನೇ ಆದ್ದರಿಂದ ಯಾವ ಲ್ಯಾಬಿನ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿದರೂ ನೀವು ನಂಬಬಾರದು. ಹೇಗೆ ಆರಿಸಿಕೊಳ್ಳಬೇಕು ಅನ್ನುವುದನ್ನಷ್ಟೇ ಬಿಡಿಸಿ ಹೇಳುತ್ತೇನೆ. ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದ್ದು. ನನಗೆ ಗೊತ್ತಿರುವುದು ರಕ್ತ, ಟ್ಯೂಬು, ಮೆಷಿನ್ನು, ರಿಪೋರ್ಟು.

ಮೊದಲು, ಆ ನಂಬರ್ ನಿಮ್ಮ ಮಟ್ಟಿಗೆ ಏನು ಹೇಳುತ್ತದೆ?

ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್. ಅದರಲ್ಲಿ ಸ್ವಲ್ಪ ಭಾಗ ರಕ್ತಕ್ಕೂ ಸೇರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳೂ ಇದನ್ನು ತಯಾರಿಸುತ್ತವೆ. ಅಮೆರಿಕದಲ್ಲಿ 1986ರಲ್ಲಿ ಈ ಟೆಸ್ಟಿಗೆ ಮೊದಲು ಅನುಮತಿ ಸಿಕ್ಕಿದ್ದೇ ಕ್ಯಾನ್ಸರ್ ಇದ್ದವರ ಮೇಲೆ ನಿಗಾ ಇಡುವುದಕ್ಕೆ. ರೋಗ ಪತ್ತೆಗೆ ಬಳಸಲು ಅನುಮತಿ ಬಂದಿದ್ದು 1994ರಲ್ಲಿ. ಪತ್ತೆ ಹಚ್ಚುವ ವಿಷಯದಲ್ಲಿ ಈ ಟೆಸ್ಟಿನ ಬಗ್ಗೆ ತಕರಾರು ಬೇಕಾದಷ್ಟಿವೆ. ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೆ ಮಾತ್ರ ಇಷ್ಟು ಸುಲಭದ, ಇಷ್ಟು ಕಡಿಮೆ ಖರ್ಚಿನ ದಾರಿ ಇನ್ನೊಂದಿಲ್ಲ.

ಆದರೆ ಒಂದೇ ನಂಬರಿಗೆ ಎಲ್ಲರಲ್ಲೂ ಒಂದೇ ಅರ್ಥ ಇಲ್ಲ. ಲ್ಯಾಬ್ ಆರಿಸುವ ಮೊದಲು ಇದು ಗೊತ್ತಿರಬೇಕು.

ಆಪರೇಷನ್ ಮಾಡಿ ಗ್ರಂಥಿಯನ್ನು ಪೂರ್ತಿ ತೆಗೆದಿದ್ದರೆ, ಪಿಎಸ್‌ಎ ತಯಾರಿಸುವ ಜಾಗವೇ ಹೋಯಿತು. ರಕ್ತದಲ್ಲಿ ಉಳಿದದ್ದು ಎರಡು ಮೂರು ದಿನಕ್ಕೊಮ್ಮೆ ಅರ್ಧರ್ಧ ಆಗುತ್ತಾ ಹೋಗುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ಮೆಷಿನ್ನಿಗೆ ಸಿಗದಷ್ಟು ಕಡಿಮೆ ಆಗಿರಬೇಕು. ಮುಂದೆ ಯಾವಾಗಲಾದರೂ 0.2 (ಪಿಎಸ್‌ಎ ನಂಬರೆಲ್ಲ ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿನಲ್ಲಿ) ಅಥವಾ ಅದಕ್ಕಿಂತ ಜಾಸ್ತಿ ಬಂದು, ಮತ್ತೊಮ್ಮೆ ಮಾಡಿಸಿದಾಗಲೂ ಹಾಗೇ ಬಂದರೆ, ಕ್ಯಾನ್ಸರ್ ಮರಳಿರಬಹುದು ಅಂತ ಡಾಕ್ಟರು ಲೆಕ್ಕ ಹಾಕುತ್ತಾರೆ.

ರೇಡಿಯೇಷನ್, ಅಂದರೆ ನಮ್ಮ ಕಡೆಯವರು ಕರೆಂಟ್ ಕೊಡಿಸೋದು ಅನ್ನುತ್ತಾರಲ್ಲ, ಅದರಲ್ಲಿ ಕಥೆ ಬೇರೆ. ಗ್ರಂಥಿ ಒಳಗೇ ಇರುತ್ತದೆ. ಪಿಎಸ್‌ಎ ನಿಧಾನಕ್ಕೆ ಇಳಿಯುತ್ತದೆ. ತಳ ಮುಟ್ಟೋಕೆ ವರ್ಷ, ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಸೊನ್ನೆಗೆ ಬರಲೇಬೇಕು ಅಂತೇನಿಲ್ಲ. ಮುಟ್ಟಿದ ತಳದ ಮೇಲೆ 2 ಏರಿದರೆ ಮರಳಿದ ಲೆಕ್ಕ. ತಳ 0.4 ಆಗಿದ್ದವರಿಗೆ ಗೆರೆ 2.4. ನಡುವೆ ಕೆಲವರಿಗೆ ಸುಮ್ನೆ ಸ್ವಲ್ಪ ಏರಿ ತಾನಾಗಿಯೇ ಇಳಿಯುವುದೂ ಉಂಟು, ಸಾಮಾನ್ಯವಾಗಿ ಮೊದಲ ಮೂರು ವರ್ಷದೊಳಗೆ. ಆ ಸಮಯದಲ್ಲಿ ನಿದ್ದೆಗೆಟ್ಟ ಮನೆಗಳು ಎಷ್ಟೋ.

ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ, ಅಥವಾ ವೃಷಣ ತೆಗೆಸಿಕೊಂಡವರಿಗೆ, ಪಿಎಸ್‌ಎ ಕೆಲವು ತಿಂಗಳಲ್ಲಿ ದಡದಡ ಇಳಿಯುತ್ತದೆ. ನೂರರಲ್ಲಿದ್ದದ್ದು ಒಂದಂಕಿಗೆ ಬಂದದ್ದನ್ನು ನೋಡಿದ್ದೇನೆ. ಇವರಲ್ಲಿ ನೋಡಬೇಕಾದ್ದು, ಇಳಿದದ್ದು ಮತ್ತೆ ಏರುತ್ತಿದೆಯಾ, ಏರಿದರೆ ಎಷ್ಟು ಬೇಗ ಅನ್ನುವುದು.

ಈಗ ರಿಪೋರ್ಟನ್ನು ಒಂದು ಸಲ ಹತ್ತಿರದಿಂದ ನೋಡಿ. ಎಡಕ್ಕೆ ಟೆಸ್ಟಿನ ಹೆಸರು, ನಡುವೆ ನಂಬರ್, ಬಲಕ್ಕೆ ನಾರ್ಮಲ್ ಎಷ್ಟು ಅಂತ ಒಂದು ಕಾಲಂ. ಅಲ್ಲಿ 0ಯಿಂದ 4 ಅಂತ ಅಚ್ಚಾಗಿರುತ್ತದೆ. ನಡುವೆ 0.6 ಇದೆ ಅಂದುಕೊಳ್ಳಿ. ದಪ್ಪ ಅಕ್ಷರ ಇಲ್ಲ, ಸ್ಟಾರ್ ಗುರುತಿಲ್ಲ, ಕೆಂಪು ಇಲ್ಲ. ಮನೆಯವರು ಓದಿ, ಸದ್ಯ ನಾರ್ಮಲ್ ಇದೆ ಅಂತ ಫೈಲಿಗೆ ಸೇರಿಸಿ ಕಾಫಿ ಕುಡಿಯುತ್ತಾರೆ. ಆಪರೇಷನ್ ಆದವರಿಗೆ ಆ 0.6 ನಾರ್ಮಲ್ ಅಲ್ಲವೇ ಅಲ್ಲ, ತಕ್ಷಣ ಡಾಕ್ಟರಿಗೆ ತೋರಿಸಬೇಕಾದ ನಂಬರ್. ಆ ಕಾಲಂ ಇರುವುದು ಚಿಕಿತ್ಸೆಯೇ ಆಗದ ಗಂಡಸರಿಗೆ. ಕಂಪ್ಯೂಟರಿಗೆ ನಿಮ್ಮ ಆಪರೇಷನ್ ವಿಷಯ ಗೊತ್ತಿಲ್ಲ. ಬಲಗಡೆಯ ಕಾಲಂ ಕೈಯಲ್ಲಿ ಮುಚ್ಚಿಕೊಂಡು ಓದಿ ಅಂತ ನಾನು ಹೇಳುವುದು ತಮಾಷೆಗಲ್ಲ.

ಆರಿಸುವಾಗ ಏನು ನೋಡಬೇಕು?

ಎಲ್ಲಕ್ಕಿಂತ ಮೇಲಿನದು, ಪ್ರತಿ ಸಲ ಒಂದೇ ಕಡೆ, ಒಂದೇ ವಿಧಾನದಲ್ಲಿ ಮಾಡಿಸೋಕೆ ಆಗುತ್ತದಾ ಅನ್ನುವುದು. ಬೇರೆ ಬೇರೆ ಕಂಪನಿಯ ಮೆಷಿನ್ನುಗಳು ಪಿಎಸ್‌ಎಯನ್ನು ಬೇರೆ ಬೇರೆ ಅಳತೆಗೆ ಹೊಂದಿಸಿಕೊಂಡಿರುತ್ತವೆ. ಹೈಬ್ರಿಟೆಕ್ ಅಂತ ಒಂದು ಹಳೆಯ ಅಳತೆ, ವಿಶ್ವ ಆರೋಗ್ಯ ಸಂಸ್ಥೆಯದ್ದು ಇನ್ನೊಂದು. ಅದೇ ರಕ್ತ, ಅದೇ ದಿನ, ಎರಡನೆಯದರಲ್ಲಿ ಸುಮಾರು ಶೇಕಡ 20ರಷ್ಟು ಕಡಿಮೆ ತೋರಿಸಬಹುದು. ಮನೆಯ ತಕ್ಕಡಿಯಲ್ಲಿ ಮೆಣಸು ತೂಗಿಕೊಂಡು ಹೋಗಿ ಮಂಡಿಯ ತಕ್ಕಡಿಯ ಹತ್ತಿರ ಜಗಳಕ್ಕೆ ನಿಂತ ಹಾಗೆ. ಇಬ್ಬರದೂ ಸರಿಯೇ ಇರಬಹುದು, ಲೆಕ್ಕ ಮಾತ್ರ ಹೊಂದಲ್ಲ. ಹೋದ ಸಲ ಒಂದು ಕಡೆ 1.6, ಈ ಸಲ ಇನ್ನೊಂದು ಕಡೆ 2.0 ಬಂದರೆ ರೋಗ ಏರಿತಾ, ಲ್ಯಾಬ್ ಬದಲಾಯಿತಾ? ಯಾರಿಗೂ ಹೇಳೋಕೆ ಬರಲ್ಲ.

ಎರಡನೆಯದು, ಮೆಷಿನ್ ಎಷ್ಟು ಕೆಳಗಿನವರೆಗೆ ಓದುತ್ತದೆ ಅನ್ನುವುದು. ಆಪರೇಷನ್ ಆದವರಿಗೆ ಇದು ತುಂಬಾ ಮುಖ್ಯ. ಮೂರನೆಯದು, ನಿಮ್ಮ ರಕ್ತ ತೋಳಿನಿಂದ ಮೆಷಿನ್ನಿನವರೆಗೆ ಹೇಗೆ ಹೋಗುತ್ತದೆ ಅನ್ನುವುದು. ಡಾಕ್ಟರ ಭೇಟಿಗೆ ಮುಂಚೆ ರಿಪೋರ್ಟ್ ಕೈಗೆ ಬರುತ್ತದಾ ಅನ್ನುವುದು ನಾಲ್ಕನೆಯದು. ದುಡ್ಡನ್ನು ಕೊನೆಗಿಟ್ಟಿದ್ದೇನೆ, ಅದು ಮುಖ್ಯ ಅಲ್ಲ ಅಂತಲ್ಲ. ಟೆಸ್ಟಿನ ರೇಟು ಒಂದೇ ನೋಡಿದರೆ ಸಾಲದು. ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ, ಊಟ ಎಲ್ಲ ಸೇರಿಸಿ ನೋಡಬೇಕು.

ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮುದ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಇದ್ದರೆ ಒಳ್ಳೆಯದು. ಆದರೆ ಆ ಮಾನ್ಯತೆ ಲ್ಯಾಬಿನ ಎಲ್ಲ ಟೆಸ್ಟಿಗೂ ಒಟ್ಟಿಗೆ ಸಿಗುವುದಿಲ್ಲ, ಇಂತಿಂಥ ಟೆಸ್ಟಿಗೆ ಅಂತ ಪಟ್ಟಿ ಮಾಡಿ ಕೊಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಪಿಎಸ್‌ಎ ಇದೆಯಾ ಅಂತ ಕೇಳಿ. ಕೌಂಟರಿನವರು ಸ್ವಲ್ಪ ಗಲಿಬಿಲಿ ಆಗುತ್ತಾರೆ, ಪರವಾಗಿಲ್ಲ.

ಸರ್ಕಾರಿ ಆಸ್ಪತ್ರೆ

ಹಾಸನದವರಿಗೆ ಹಿಮ್ಸ್, ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಹತ್ತಿರ. ಖರ್ಚಿನಲ್ಲಿ ಇದಕ್ಕೆ ಸಾಟಿ ಇಲ್ಲ. ಟೆಸ್ಟಿನ ಜೊತೆ ಡಾಕ್ಟರನ್ನೂ ಅಲ್ಲೇ ನೋಡಬಹುದು. ಮಾಮೂಲಿ ತೊಂದರೆ ಬಂದರೂ ಅಲ್ಲೇ ತೋರಿಸಬಹುದು.

ಹೋಗುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಇವತ್ತು ಪಿಎಸ್‌ಎ ಆಗುತ್ತದಾ, ಕಿಟ್ ಇದೆಯಾ ಅನ್ನುವುದು ಒಂದು. ಇದು ಯಾವುದೋ ಒಂದು ಆಸ್ಪತ್ರೆಯ ಮಾತಲ್ಲ. ಎಲ್ಲ ಕಡೆ ಸರ್ಕಾರಿ ಲ್ಯಾಬುಗಳು ಟೆಂಡರ್ ಮೇಲೆ ನಡೆಯುತ್ತವೆ. ಕಿಟ್ ಮುಗಿದರೆ ಹೊಸದು ಬರುವವರೆಗೆ ಕಾಯಬೇಕು. ಟೆಂಡರ್ ಬದಲಾದರೆ ಮೆಷಿನ್ನೇ ಬದಲಾಗಬಹುದು. ಆದ್ದರಿಂದ ಎರಡನೆಯ ಪ್ರಶ್ನೆ, ಹೋದ ಸಲದ ಮೆಷಿನ್ನೇ ಈಗಲೂ ಇದೆಯಾ ಅನ್ನುವುದು. ಹೌದು ಅಂದರೆ ಕಣ್ಣು ಮುಚ್ಚಿಕೊಂಡು ಅಲ್ಲೇ ಮುಂದುವರಿಸಿ.

ಬಿಪಿಎಲ್ ಕಾರ್ಡಿನವರಿಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ನಿಜ. ಆದರೆ ಅದು ಪ್ಯಾಕೇಜ್ ಲೆಕ್ಕದಲ್ಲಿ, ನಗದಿಲ್ಲದೆ ನಡೆಯುವ ವ್ಯವಸ್ಥೆ. ಹೊರಗಿನ ಖಾಸಗಿ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಬಿಲ್ ತಂದು ವಾಪಸ್ ಪಡೀತೀನಿ ಅಂದರೆ ಆಗಲ್ಲ. ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಫಾಲೋಅಪ್ ಟೆಸ್ಟ್ ಪ್ಯಾಕೇಜಿಗೆ ಸೇರುತ್ತದಾ ಅಂತ ಅವರನ್ನೇ ಕೇಳಿ.

ಊರಿನ ಖಾಸಗಿ ಲ್ಯಾಬು

ಇದು ಎಲ್ಲರಿಗೂ ಕೈಗೆಟುಕುವ ಆಯ್ಕೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಬಂದವರು ರಕ್ತ ಕೊಟ್ಟು, ಸಂಜೆ ವಾಟ್ಸಾಪಿನಲ್ಲಿ ರಿಪೋರ್ಟ್ ತರಿಸಿಕೊಳ್ಳುತ್ತಾರೆ. ರೇಟು ಸಾಮಾನ್ಯವಾಗಿ ಐದುನೂರರಿಂದ ಸಾವಿರದ ಆಸುಪಾಸು. ಹಿರಿಯ ನಾಗರಿಕರಿಗೆ ಅಂತ ಕೇಳಿದರೆ ಸ್ವಲ್ಪ ಬಿಡುತ್ತಾರೆ. ಕೇಳದಿದ್ದರೆ ಬಿಡಲ್ಲ!

ಇಲ್ಲಿ ನೋಡಬೇಕಾದ್ದು ಒಳಗಿನ ವಿಷಯ. ಬೋರ್ಡ್ ಹಾಕಿರುವ ಲ್ಯಾಬುಗಳೆಲ್ಲ ಪಿಎಸ್‌ಎಯನ್ನು ತಾವೇ ಮಾಡುವುದಿಲ್ಲ. ಶುಗರ್, ಕ್ರಿಯಾಟಿನಿನ್ ತರಹದ್ದನ್ನು ತಾವು ಮಾಡಿ, ಪಿಎಸ್‌ಎಯನ್ನು ಬೆಂಗಳೂರಿಗೆ ಕಳಿಸುವವರು ಜಾಸ್ತಿ. ಕಳಿಸುವುದು ತಪ್ಪಲ್ಲ. ಆದರೆ ಈ ತಿಂಗಳು ಒಂದು ಕಂಪನಿಗೆ, ಕಮಿಷನ್ ಹೊಂದದಿದ್ದರೆ ಮುಂದಿನ ಸಲ ಇನ್ನೊಂದಕ್ಕೆ ಕಳಿಸಿದರೆ, ನೀವು ಒಂದೇ ಲ್ಯಾಬಿಗೆ ಹೋಗಿಯೂ ಎರಡು ಮೆಷಿನ್ನಿನ ರಿಪೋರ್ಟ್ ಹಿಡಿದಿರುತ್ತೀರಿ. ರಿಪೋರ್ಟಿನ ಕೆಳಗೆ, ಸಹಿಯ ಹತ್ತಿರ, ಎಲ್ಲಿ ಟೆಸ್ಟ್ ಆಯಿತು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಟೆಸ್ಟಿನ ಹೆಸರಿನ ಕೆಳಗೆ ವಿಧಾನ ಇರುತ್ತದೆ, ಕೆಮಿಲ್ಯುಮಿನಿಸೆನ್ಸ್ ಅಂತಲೋ, ಸಿಎಲ್‌ಐಎ, ಇಸಿಎಲ್‌ಐಎ, ಸಿಎಂಐಎ ಅಂತಲೋ. ಹೋದ ಸಲದ ರಿಪೋರ್ಟ್ ಪಕ್ಕಕ್ಕಿಟ್ಟು ಈ ಎರಡು ಸಾಲು ಒಂದೇ ಇದೆಯಾ ನೋಡಿ. ಅಕ್ಷರದ ಅರ್ಥ ಗೊತ್ತಾಗಬೇಕಿಲ್ಲ, ಹೊಂದಿದರೆ ಸಾಕು.

ತಾವೇ ಮಾಡುವ ಲ್ಯಾಬಾದರೆ ಇನ್ನೊಂದು ಪ್ರಶ್ನೆ: ದಿನಾ ಹಾಕ್ತೀರಾ, ಒಂದಿಷ್ಟು ಸ್ಯಾಂಪಲ್ ಸೇರಿದ ಮೇಲೆ ಹಾಕ್ತೀರಾ? ಸಣ್ಣ ಊರಿನಲ್ಲಿ ಪಿಎಸ್‌ಎ ದಿನಾ ಬರುವ ಟೆಸ್ಟಲ್ಲ. ಸೇರಿಸಿ ಹಾಕುವವರಾದರೆ ರಿಪೋರ್ಟ್ ನಾಲ್ಕು ದಿನ ತಡ ಆಗಬಹುದು. ಅಷ್ಟರಲ್ಲಿ ನಿಮ್ಮ ಡಾಕ್ಟರ ಅಪಾಯಿಂಟ್‌ಮೆಂಟ್ ದಾಟಿರುತ್ತದೆ.

ಕೆಲವು ಕಡೆ ಪ್ರೆಗ್ನೆನ್ಸಿ ಕಾರ್ಡಿನ ಹಾಗೆ ಗೆರೆ ಬರುವ ಪಿಎಸ್‌ಎ ಕಾರ್ಡ್ ಟೆಸ್ಟ್ ಕೂಡ ಇದೆ. ಹೆಲ್ತ್ ಕ್ಯಾಂಪಿನಲ್ಲಿ ಮಾಡುವುದು ಸಾಮಾನ್ಯವಾಗಿ ಇದನ್ನೇ. 4ಕ್ಕಿಂತ ಜಾಸ್ತಿ ಇದೆಯಾ ಇಲ್ಲವಾ ಅಂತಷ್ಟೇ ಅದು ಹೇಳುತ್ತದೆ. ಚಿಕಿತ್ಸೆ ಪಡೆದವರಿಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ, ಬಿಟ್ಟಿ ಮಾಡಿದರೂ ಬೇಡ.

ದೊಡ್ಡ ಕಂಪನಿಗಳ ಕಲೆಕ್ಷನ್ ಸೆಂಟರ್

ರಕ್ತ ಇಲ್ಲಿ, ಮೆಷಿನ್ ಬೆಂಗಳೂರಿನಲ್ಲಿ. ದಿನಕ್ಕೆ ರಾಶಿ ಸ್ಯಾಂಪಲ್ ಬರುವ ಕಡೆ ಮೆಷಿನ್ನೂ ದೊಡ್ಡದು, ತಪಾಸಣೆಯೂ ಬಿಗಿ. ತುಂಬಾ ಕೆಳಗಿನವರೆಗೆ ಓದುವ ಪಿಎಸ್‌ಎ ಬೇಕು ಅಂದರೆ ಇಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಹಳೆಯ ರಿಪೋರ್ಟುಗಳೆಲ್ಲ ಆ್ಯಪಿನಲ್ಲಿ ಸಾಲಾಗಿ ಕೂತಿರುತ್ತವೆ. ಮಗಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದರೆ ಅಲ್ಲಿಂದಲೇ ನೋಡಬಹುದು.

ಚಿಂತೆ ಇರುವುದು ಪ್ರಯಾಣದ್ದು. ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡುತ್ತೇವೆ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಮೇಲೆ ತಿಳಿ ಹಳದಿ ಸೀರಮ್ ನಿಲ್ಲುತ್ತದೆ, ಕೆಳಗೆ ಕೆಂಪು. ಆ ಸೀರಮ್ ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ ಸಂಜೆ ಹೊರಡುತ್ತದೆ. ಹೀಗೆ ತಣ್ಣಗೆ ಹೋದರೆ ಒಂದೆರಡು ದಿನಕ್ಕೆ ಟೋಟಲ್ ಪಿಎಸ್‌ಎಗೆ ಏನೂ ಆಗಲ್ಲ. ತಿರುಗಿಸದೆ, ತಣ್ಣಗಿಡದೆ, ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನವೆಲ್ಲ ಸುತ್ತಿದ ಟ್ಯೂಬಿನ ಮಾತು ಬೇರೆ. ಮನೆಗೆ ಬಂದು ರಕ್ತ ತೆಗೆಯುವವರ ಹತ್ತಿರ ಐಸ್ ಬಾಕ್ಸ್ ಇದೆಯಾ ಅಂತ ನೋಡಿಕೊಳ್ಳಿ, ಎಷ್ಟು ಹೊತ್ತಿಗೆ ಸೆಂಟರಿಗೆ ತಲುಪಿಸ್ತೀರಿ ಅಂತಲೂ ಕೇಳಿ. ಹಾಸಿಗೆ ಹಿಡಿದವರಿಗೆ ಮನೆಗೇ ಬರುವ ಸೌಲಭ್ಯ ದೊಡ್ಡ ಉಪಕಾರ. ಆದರೆ ಪೇಟೆ ಬಿಟ್ಟು ತೋಟದ ಕಡೆ, ಕೊಟ್ಟಿಗೆಹಾರದಂಥ ಜಾಗಕ್ಕೆ ಬರ್ತೀವಿ ಅನ್ನುವವರು ಕಡಿಮೆ.

ಶನಿವಾರ ಸಂಜೆ ರಕ್ತ ಕೊಡಬೇಡಿ. ಭಾನುವಾರ ಗಾಡಿ ಇಲ್ಲದಿದ್ದರೆ ಅದು ಸುಮ್ನೆ ಫ್ರಿಜ್ಜಿನಲ್ಲಿ ಕೂತಿರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟಿನ ಕಥೆ ಗೊತ್ತಲ್ವಾ? ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಕೊಡುವುದು ವಾಸಿ.

ಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗುವುದು

ಕಿದ್ವಾಯಿ ಇರಲಿ, ಬೆಂಗಳೂರಿನ ಖಾಸಗಿ ಆಸ್ಪತ್ರೆ ಇರಲಿ, ಮಂಗಳೂರು ಮಣಿಪಾಲ ಇರಲಿ, ಅಲ್ಲೇ ರಕ್ತ ಕೊಟ್ಟರೆ ಹಳೆಯ ನಂಬರು, ಹೊಸ ನಂಬರು ಎರಡೂ ಒಂದೇ ಮೆಷಿನ್ನಿನದು. ಡಾಕ್ಟರು ಕಂಪ್ಯೂಟರ್ ತೆರೆದರೆ ಪೂರ್ತಿ ಚರಿತ್ರೆ ಎದುರಿಗಿರುತ್ತದೆ. ನಿಖರತೆಯಲ್ಲಿ ಇದಕ್ಕೆ ಮೊದಲ ಸ್ಥಾನ, ಅನುಮಾನ ಇಲ್ಲ.

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. 2017ರಿಂದ ಶ್ರವಣಬೆಳಗೊಳದ ಮೇಲೆ ರೈಲು ಓಡುತ್ತಿರುವುದರಿಂದ ವಯಸ್ಸಾದವರಿಗೆ ಸ್ವಲ್ಪ ಸಲೀಸು. ಪದೇ ಪದೇ ಮೂತ್ರಕ್ಕೆ ಹೋಗಬೇಕಾದವರಿಗೆ ಬಸ್ಸಿಗಿಂತ ರೈಲೇ ಮೇಲು, ಯಾಕೆ ಅಂತ ಹೇಳಬೇಕಿಲ್ಲ. ಚಿಕ್ಕಮಗಳೂರಿನಿಂದ ಇನ್ನೂ ಐವತ್ತು ಅರವತ್ತು ಕಿಲೋಮೀಟರ್ ಜಾಸ್ತಿ. ಮಂಗಳೂರು ಕಡೆ ತೋರಿಸುವವರಿಗೆ ಘಾಟಿ ಅಡ್ಡ. ಜುಲೈ, ಆಗಸ್ಟಿನಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದು ರಸ್ತೆ ಮುಚ್ಚಿದರೆ ತಾರೀಖು ತಪ್ಪಿದ ಹಾಗೇ.

ಇನ್ನೊಂದು ಲೆಕ್ಕ ಇದೆ. ಅಲ್ಲಿ ಬೆಳಿಗ್ಗೆ ರಕ್ತ ಕೊಟ್ಟರೆ ರಿಪೋರ್ಟ್ ಬರೋದು ಮಧ್ಯಾಹ್ನವೋ ಸಂಜೆಯೋ, ಕೆಲವೊಮ್ಮೆ ಮಾರನೆಯ ದಿನ. ಅಷ್ಟರಲ್ಲಿ ಒಪಿಡಿ ಮುಗಿದಿರುತ್ತದೆ. ಒಂದು ಟೆಸ್ಟಿಗೆ ಎರಡು ಓಡಾಟ, ಇಲ್ಲವೇ ಒಂದು ರಾತ್ರಿ ರೂಮು. ಇಂಜೆಕ್ಷನ್ ಹಾಕಿಸೋಕೆ ಹೇಗೂ ಹೋಗಬೇಕಾದವರಿಗೆ ಇದು ಹೊರೆ ಅಲ್ಲ. ಬರೀ ಟೆಸ್ಟಿಗಾದರೆ ಹೊರೆಯೇ.

ಯಾವ ಪಿಎಸ್‌ಎ?

ಚೀಟಿಯಲ್ಲಿ ಬರೀ ಪಿಎಸ್‌ಎ ಅಂತ ಇದ್ದರೆ ಟೋಟಲ್ ಪಿಎಸ್‌ಎ ಅಂತ ಅರ್ಥ. ಫ್ರೀ ಪಿಎಸ್‌ಎ (ರಕ್ತದ ಬೇರೆ ಪ್ರೋಟೀನಿಗೆ ಅಂಟಿಕೊಳ್ಳದ ಪಿಎಸ್‌ಎ) ಕೂಡ ಸೇರಿಸಲಾ ಅಂತ ಕೌಂಟರಿನಲ್ಲಿ ಕೇಳಿದರೆ ಬೇಡ ಅನ್ನಿ. ಫ್ರೀ ಅಂದರೆ ಪುಕ್ಕಟೆ ಅಲ್ಲ, ಬಿಲ್ ಹೆಚ್ಚುತ್ತದೆ. ರೋಗ ಇದೆಯಾ ಅಂತ ಅನುಮಾನ ಇದ್ದಾಗ, ಪಿಎಸ್‌ಎ 4ರಿಂದ 10ರ ನಡುವೆ ಇದ್ದಾಗ, ಬಯಾಪ್ಸಿ ಬೇಕಾ ಅಂತ ತೂಗಿ ನೋಡಲು ಅದು ಉಪಯೋಗ. ಚಿಕಿತ್ಸೆ ಆದ ಮೇಲೆ ನಿಗಾ ಇಡೋಕೆ ಅದು ಬೇಕಿಲ್ಲ. ಡಾಕ್ಟರು ಬರೆದಿದ್ದರೆ ಮಾತ್ರ ಮಾಡಿಸಿ.

ಅಲ್ಟ್ರಾ ಸೆನ್ಸಿಟಿವ್ ಪಿಎಸ್‌ಎ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಾಮೂಲಿ ಟೆಸ್ಟ್ ಸುಮಾರು 0.1ರವರೆಗೆ ಓದಿದರೆ, ಇದು 0.01 ಅಥವಾ ಅದಕ್ಕೂ ಕೆಳಗೆ ಓದುತ್ತದೆ. ಆಪರೇಷನ್ ಆದವರಲ್ಲಿ ಕ್ಯಾನ್ಸರ್ ಮರಳಿದರೆ, ಪಿಎಸ್‌ಎ 0.5 ದಾಟುವ ಮುಂಚೆಯೇ ರೇಡಿಯೇಷನ್ ಕೊಟ್ಟರೆ ಫಲ ಜಾಸ್ತಿ. ಆದ್ದರಿಂದ ಏರಿಕೆ ಬೇಗ ಗೊತ್ತಾಗುವುದು ಲಾಭವೇ. ಅದರ ಬೆಲೆ ತಲೆಬಿಸಿ. 0.02 ಇದ್ದದ್ದು 0.03 ಆದರೆ ಅದು ರೋಗವೂ ಇರಬಹುದು, ಮೆಷಿನ್ನಿನ ಸಣ್ಣ ಓಲಾಟವೂ ಇರಬಹುದು. ಎರಡನೆಯದೇ ಜಾಸ್ತಿ. ಆ ಒಂದು ಪಾಯಿಂಟಿಗೆ ಊಟ ಬಿಟ್ಟು ಕೂತವರನ್ನು ನೋಡಿದ್ದೇನೆ. ಸ್ವಭಾವದಲ್ಲೇ ಆತಂಕ ಜಾಸ್ತಿ ಇರುವವರಾದರೆ ಮಾಮೂಲಿ ಟೆಸ್ಟೇ ಸಾಕಾ ಅಂತ ಡಾಕ್ಟರನ್ನು ಮುಚ್ಚುಮರೆ ಇಲ್ಲದೆ ಕೇಳಿ. ಹಾರ್ಮೋನ್ ಚಿಕಿತ್ಸೆಯಲ್ಲಿ ಪಿಎಸ್‌ಎ 3, 8, 20 ಅಂತ ಇರುವವರಿಗಂತೂ ಈ ಟೆಸ್ಟಿನಿಂದ ಹೊಸದೇನೂ ತಿಳಿಯಲ್ಲ.

ಅವರು ದುಡ್ಡು ಹಾಕಬೇಕಾದ್ದು ಟೆಸ್ಟೋಸ್ಟೆರಾನ್ ಟೆಸ್ಟಿಗೆ. ಟೆಸ್ಟೋಸ್ಟೆರಾನ್ ಅನ್ನುವ ಗಂಡು ಹಾರ್ಮೋನನ್ನು ಇಳಿಸುವುದೇ ಆ ಇಂಜೆಕ್ಷನ್ನಿನ ಕೆಲಸ. ಇಂಜೆಕ್ಷನ್ ಕೆಲಸ ಮಾಡುತ್ತಿದ್ದರೆ ಅದು 50 ನ್ಯಾನೋಗ್ರಾಂ ಪ್ರತಿ ಡೆಸಿಲೀಟರಿಗಿಂತ ಕೆಳಗೆ ಇರಬೇಕು. ಪಿಎಸ್‌ಎ ಏರುತ್ತಿದೆ, ಟೆಸ್ಟೋಸ್ಟೆರಾನ್ ಕೂಡ ಮೇಲಿದೆ ಅಂದರೆ ಇಂಜೆಕ್ಷನ್ ತಡವಾಗಿರಬಹುದು, ಸರಿಯಾಗಿ ಹತ್ತದೆ ಇರಬಹುದು. ಟೆಸ್ಟೋಸ್ಟೆರಾನ್ ಕೆಳಗೇ ಇದ್ದೂ ಪಿಎಸ್‌ಎ ಸಲ ಸಲಕ್ಕೆ ಏರುತ್ತಿದ್ದರೆ, ರೋಗ ಆ ಔಷಧಿಗೆ ಬಗ್ಗುತ್ತಿಲ್ಲ ಅಂತ. ಎರಡಕ್ಕೂ ಮುಂದಿನ ದಾರಿ ಪೂರ್ತಿ ಬೇರೆ. ಬರೀ ಪಿಎಸ್‌ಎ ಹಿಡಿದುಕೊಂಡು ಹೋದರೆ ಡಾಕ್ಟರು ಇದನ್ನು ಬರೆದು ವಾಪಸ್ ಕಳಿಸುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಿಸಬೇಕಾ ಅಂತ ಮೊದಲೇ ಫೋನಿನಲ್ಲಿ ಕೇಳಿದರೆ ಒಂದು ಓಡಾಟ ಉಳಿಯಿತು.

ಹಾಗಾದರೆ ಯಾರಿಗೆ ಯಾವುದು?

ಆಪರೇಷನ್ ಆಗಿ ಇನ್ನೂ ಒಂದೆರಡು ವರ್ಷದೊಳಗಿರುವವರು, ಕೆಳಗಿನವರೆಗೆ ಓದುವ ಮೆಷಿನ್ ಇರುವ ಕಡೆಯೇ ಮಾಡಿಸಿ. ನನ್ನ ಪ್ರಕಾರ ಇವರಿಗೆ ಕಲೆಕ್ಷನ್ ಸೆಂಟರ್ ಸರಿಯಾದ ನಡುದಾರಿ. ಆಪರೇಷನ್ ಮಾಡಿದ ಆಸ್ಪತ್ರೆಯ ಮೆಷಿನ್ ಯಾವ ವಿಧಾನದ್ದು ಅಂತ ಹಳೆಯ ರಿಪೋರ್ಟಿನಲ್ಲಿ ನೋಡಿ, ಅದೇ ವಿಧಾನದ ಕಂಪನಿ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಊರಿನ ಲ್ಯಾಬಿನ ರಿಪೋರ್ಟಿನಲ್ಲಿ 0.1ಕ್ಕಿಂತ ಕಡಿಮೆ ಅಂತ ಬರುತ್ತಿದ್ದು, ಡಾಕ್ಟರಿಗೆ ಅಷ್ಟು ಸಾಕಾಗಿದ್ದರೆ ಅಲ್ಲೇ ಮುಂದುವರಿಸಿ. 0.5ರ ಕೆಳಗೆ ನಮ್ಮ ಮೆಷಿನ್ ಹೇಳಲ್ಲ ಅನ್ನುವ ಲ್ಯಾಬಾದರೆ ಇವತ್ತೇ ಬಿಡಿ.

ರೇಡಿಯೇಷನ್ ಆದವರಿಗೆ ಅಷ್ಟು ಸೂಕ್ಷ್ಮ ಬೇಡ. ತಳದ ನಂಬರ್ ಯಾವುದು ಅಂತ ಗೊತ್ತಿರಬೇಕು, ಅದು ಮತ್ತು ಮುಂದಿನವು ಒಂದೇ ಕಡೆಯವಾಗಿರಬೇಕು. ನಂಬಿಕೆಯ ಊರಿನ ಲ್ಯಾಬ್ ಸಾಕು.

ಹಾರ್ಮೋನ್ ಇಂಜೆಕ್ಷನ್ನಿನವರಿಗೆ ಟೆಸ್ಟ್ ಮೂರರಿಂದ ಆರು ತಿಂಗಳಿಗೊಮ್ಮೆ, ವರ್ಷಗಟ್ಟಲೆ ನಡೆಯುತ್ತದೆ. ಔಷಧಿಗೇ ದುಡ್ಡು ಹೋಗುತ್ತಿರುತ್ತದೆ. ಇವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಿಟ್ಟು ನಿಯಮಿತವಾಗಿ ಸಿಗುವುದಾದರೆ ಅದೇ ಜಾಣ ಆಯ್ಕೆ. ಮಧ್ಯೆ ಮಧ್ಯೆ ನಿಂತುಹೋಗುವುದಾದರೆ ಕಡಿಮೆ ರೇಟಿನ ಒಂದು ಖಾಸಗಿ ಲ್ಯಾಬ್ ಹಿಡಿದುಕೊಂಡು ಅಲ್ಲೇ ನಿಲ್ಲಿ. ಇನ್ನೂರು ರೂಪಾಯಿ ಉಳಿಸಲು ಪ್ರತಿ ಸಲ ಲ್ಯಾಬ್ ಬದಲಿಸಿದರೆ, ಒಂದು ದಿನ ಸುಳ್ಳು ಏರಿಕೆ ಕಂಡು ಸಾವಿರಗಟ್ಟಲೆಯ ಸ್ಕ್ಯಾನಿಗೆ ಓಡಬೇಕಾಗುತ್ತದೆ.

ಪಿಎಸ್‌ಎ ಆಗಲೇ ಏರುತ್ತಿದೆ, ಚಿಕಿತ್ಸೆ ಬದಲಿಸುವ ಮಾತು ನಡೆಯುತ್ತಿದೆ ಅನ್ನುವವರು ಚಿಕಿತ್ಸೆ ಮಾಡುತ್ತಿರುವ ಆಸ್ಪತ್ರೆಯಲ್ಲೇ ಕೊಡಿ. ಎಷ್ಟು ತಿಂಗಳಲ್ಲಿ ದುಪ್ಪಟ್ಟಾಗುತ್ತಿದೆ ಅಂತ ಡಾಕ್ಟರು ಲೆಕ್ಕ ಹಾಕುವ ಸಮಯ ಅದು. ಅದಕ್ಕೆ ಒಂದೇ ಕಡೆಯ ಮೂರಾದರೂ ನಂಬರು ಬೇಕು. 0.2 ಇದ್ದದ್ದು 0.4 ಆಗಲು ಎರಡು ವರ್ಷ ಹಿಡಿದರೆ ಒಂದು ಮಾತು, ನಾಲ್ಕು ತಿಂಗಳು ಹಿಡಿದರೆ ಇನ್ನೊಂದು. ಈ ಹಂತದಲ್ಲಿ ಬಸ್ ಚಾರ್ಜು ನೋಡಬೇಡಿ.

ಲ್ಯಾಬ್ ಬದಲಿಸಲೇಬೇಕಾದರೆ

ಮಗನಿಗೆ ವರ್ಗ ಆಯಿತು, ಲ್ಯಾಬ್ ಮುಚ್ಚಿತು, ಏನೋ ಒಂದು. ಆಗ ಒಂದು ಸಲ ಮಾತ್ರ ಒಂದೇ ದಿನ ಎರಡೂ ಕಡೆ ರಕ್ತ ಕೊಡಿ. ಡಬಲ್ ಖರ್ಚು ನಿಜ. ಆದರೆ ಹಳೆಯ ಕಡೆ 1.2, ಹೊಸ ಕಡೆ 1.0 ಅಂತ ಗೊತ್ತಾದರೆ ಅಲ್ಲಿಂದ ಮುಂದೆ 1.0ಯನ್ನೇ ಆಧಾರ ಇಟ್ಟುಕೊಂಡು ನೋಡಬಹುದು.

ರಕ್ತ ಕೊಡುವ ಮುಂಚೆ

ಖಾಲಿ ಹೊಟ್ಟೆ ಬೇಕಿಲ್ಲ. ತಿಂಡಿ ತಿಂದು ಬನ್ನಿ, ಶುಗರ್ ಮಾತ್ರೆ ತೆಗೆದುಕೊಂಡು ಉಪವಾಸ ಬಂದು ಕೌಂಟರಿನಲ್ಲಿ ತಲೆಸುತ್ತಿ ಬೀಳುವುದು ಬೇಡ. ಟೆಸ್ಟೋಸ್ಟೆರಾನ್ ಕೂಡ ಇದ್ದರೆ ಬೆಳಿಗ್ಗೆ ಬೇಗ ಬನ್ನಿ.

ಗ್ರಂಥಿ ಇನ್ನೂ ಇರುವವರು, ಅಂದರೆ ರೇಡಿಯೇಷನ್ ಅಥವಾ ಬರೀ ಇಂಜೆಕ್ಷನ್ನಿನವರು, ಉರಿಮೂತ್ರ, ಜ್ವರ ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಳ್ಳಿ. ಸೋಂಕು ಇದ್ದಾಗ ಪಿಎಸ್‌ಎ ಸುಮ್ನೆ ಏರುತ್ತದೆ. ಹೊಸದಾಗಿ ಕ್ಯಾತಿಟರ್, ಅಂದರೆ ಮೂತ್ರ ಹೋಗಲು ನಳಿಗೆ, ಹಾಕಿದ್ದರೂ ಅಷ್ಟೇ. ಹಿಂದಿನ ಎರಡು ದಿನ ಗಂಡ ಹೆಂಡತಿ ಕೂಡುವುದು, ಸೈಕಲ್ ತುಳಿಯುವುದು ಬೇಡ. ಇದನ್ನು ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲ್ಲ, ಅದಕ್ಕೇ ಬರೆದೆ.

ಮಾತ್ರೆಗಳ ಪಟ್ಟಿ ತನ್ನಿ. ಮೂತ್ರ ಸಲೀಸಾಗಲಿ ಅಂತ ಕೊಡುವ ಫಿನಾಸ್ಟೆರೈಡ್, ಡುಟಾಸ್ಟೆರೈಡ್ ಮಾತ್ರೆಗಳು ಗ್ರಂಥಿ ಇರುವವರಲ್ಲಿ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಕೂದಲು, ಉಗುರಿಗೆ ಅಂತ ತೆಗೆದುಕೊಳ್ಳುವ ಜಾಸ್ತಿ ಡೋಸಿನ ಬಯೋಟಿನ್ ಕೆಲವು ಮೆಷಿನ್ನುಗಳಲ್ಲಿ ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ತೋರಿಸುವಂತೆ ಮಾಡುತ್ತದೆ. ಕಡಿಮೆ ಬಂದರೆ ಎಲ್ಲರಿಗೂ ಖುಷಿ, ಅದಕ್ಕೇ ಈ ತಪ್ಪು ಬೇಗ ಸಿಕ್ಕಿಬೀಳಲ್ಲ. ಎರಡು ಮೂರು ದಿನ ಮುಂಚೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ತಾರೀಖಿನ ವಿಷಯ: ಡಾಕ್ಟರ ಭೇಟಿಗೆ ಏಳೆಂಟು ದಿನ ಮುಂಚೆ ರಕ್ತ ಕೊಡುವುದು ಸರಿ. ಅನುಮಾನದ ನಂಬರ್ ಬಂದರೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಲು ಸಮಯ ಇರುತ್ತದೆ. ಒಂದು ನಂಬರಿಗೆ ಹೆದರಬೇಡಿ. ರೋಗದಲ್ಲಿ ಏನೂ ಬದಲಾಗದಿದ್ದರೂ ಪಿಎಸ್‌ಎ ಸ್ವಲ್ಪ ಆಚೀಚೆ ಆಗುತ್ತದೆ.

ಫೈಲಿನ ಮೊದಲ ಹಾಳೆಯಲ್ಲಿ ಒಂದು ಪಟ್ಟಿ ಬರೆದಿಡಿ. ತಾರೀಖು, ಪಿಎಸ್‌ಎ, ಟೆಸ್ಟ್ ಆದ ಲ್ಯಾಬು, ವಿಧಾನ, ಟೆಸ್ಟೋಸ್ಟೆರಾನ್, ಹಿಂದಿನ ಇಂಜೆಕ್ಷನ್ ಹಾಕಿಸಿದ ದಿನ. ಥರ್ಮಲ್ ಕಾಗದದಲ್ಲಿ ಕೊಟ್ಟ ಪ್ರಿಂಟು ವರ್ಷದಲ್ಲಿ ಮಾಸಿ ಹೋಗುತ್ತದೆ, ಪೆನ್ನಿನಲ್ಲಿ ಬರೆದದ್ದು ಉಳಿಯುತ್ತದೆ. ಒಪಿಡಿಯಲ್ಲಿ ಸಿಗುವ ಐದು ನಿಮಿಷದಲ್ಲಿ ಡಾಕ್ಟರು ಮೊದಲು ನೋಡುವುದು ಆ ಹಾಳೆಯನ್ನೇ.

ಒಂದು ವಿಷಯದಲ್ಲಿ ಮಾತ್ರ ಪಿಎಸ್‌ಎಗೆ ಕಾಯಬೇಡಿ. ಸೊಂಟದಲ್ಲೋ ಬೆನ್ನಿನಲ್ಲೋ ಹೊಸದಾಗಿ ಬಿಡದ ನೋವು, ಕಾಲುಗಳಲ್ಲಿ ಶಕ್ತಿ ಇಲ್ಲ, ಜೋಮು ಹಿಡಿದ ಹಾಗಿದೆ, ಮೂತ್ರ ಕಟ್ಟಿಕೊಂಡಿದೆ ಅಂದರೆ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿ ನರ ಒತ್ತುತ್ತಿರಬಹುದು. ಕೆಲವರಲ್ಲಿ ಪಿಎಸ್‌ಎ ಕಡಿಮೆ ಇದ್ದಾಗಲೂ ಇದು ಆಗುತ್ತದೆ. ಹೋದ ವಾರದ ರಿಪೋರ್ಟ್ ಚೆನ್ನಾಗಿತ್ತಲ್ಲ ಅಂತ ಮನೆಯಲ್ಲಿ ಕೂರಬೇಡಿ, ರಕ್ತ ಕೊಡೋಣ ಅಂತ ನಮ್ಮ ಕೌಂಟರಿಗೂ ಬರಬೇಡಿ. ಅದೇ ದಿನ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಫೈಲು ಜೊತೆಗಿರಲಿ.